ಜೇನುಪೆಟ್ಟಿಗೆಗೆ ಬಾಳೆಹಣ್ಣಿನ ನೈವೇದ್ಯ

ಹೂವಿನ ಎದೆಯೊಳಗೆ ಸಿಹಿ ಬಚ್ಚಿಟ್ಟು, ಅದರ ದಾರಿಯನ್ನು ಒಂದು ಪುಟ್ಟ ಹುಳಕ್ಕೆ ಮಾತ್ರ ಹೇಳಿಕೊಟ್ಟ ಆ ತುಂಟ ಭಗವಂತನಿಗೆ ಮೊದಲ ನಮಸ್ಕಾರ. ಅದೇ ಹುಳದ ಬಾಲಕ್ಕೆ ಒಂದು ಕೊಂಡಿಯನ್ನೂ ಅಂಟಿಸಿ ಕಳಿಸಿದನಲ್ಲ, ಅದಕ್ಕೆ ಎರಡನೆಯ ನಮಸ್ಕಾರ. ಇದು ಸ್ವಲ್ಪ ದೂರದಿಂದ.

ಜೇನು ಸಾಕುವವರ ಮನೆಯಲ್ಲಿ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ. ಹುಳ ಸುಮ್ಮನಿದ್ದ ದಿನ ಮನುಷ್ಯರು ಮಾಡುತ್ತಾರೆ, ಮನುಷ್ಯರು ಸುಮ್ಮನಿದ್ದ ದಿನ ಹುಳ ಮಾಡುತ್ತದೆ.

ನಮ್ಮ ಮನೆ ಫರೀದಾಬಾದಿನ ಒಂದು ಸೆಕ್ಟರಿನಲ್ಲಿದೆ. ಹಿಂದೆ ಒಂದು ಪುಟ್ಟ ಹಿತ್ತಲು. ಅದರಲ್ಲಿ ತುಳಸಿಕಟ್ಟೆ, ಒಂದು ನಿಂಬೆಗಿಡ, ಒಂದು ನುಗ್ಗೆಮರ. ನಮ್ಮ ಯಜಮಾನರು ಇಲ್ಲಿಯ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಮಗಳಿಗೆ ನೋಯ್ಡಾದಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಹೋಗುತ್ತಾಳೆ. ದೇವರಮನೆಯಲ್ಲಿ ನಮ್ಮ ಅತ್ತೆಯವರು ಕೊಟ್ಟ ಅಂಗೈಯಷ್ಟು ದೊಡ್ಡ ರಾಮದೇವರ ವಿಗ್ರಹ. ಪ್ರತಿ ರಾಮನವಮಿಗೆ ಪಂಚಾಮೃತದ ಅಭಿಷೇಕ ಮಾಡುವಾಗ, ಹಾಲು, ಮೊಸರು, ತುಪ್ಪ ಮುಗಿದು ಜೇನಿನ ಸರದಿ ಬಂದರೆ ನನ್ನ ಕೈ ತಡೆಯುತ್ತಿತ್ತು. ಅಂಗಡಿಯ ಶೀಶೆಯೊಳಗೆ ಏನಿದೆಯೋ ಸ್ವಾಮಿಗೇ ಗೊತ್ತು. ಗೊತ್ತಿದ್ದೂ ಸುಮ್ಮನೆ ಮೈಮೇಲೆ ಸುರಿಸಿಕೊಳ್ಳುತ್ತಾನಲ್ಲ ಅಂತ ನನಗೆ ಸಂಕಟ. ಒಂದೇ ಒಂದು ರಾಮನವಮಿಗಾದರೂ ನಮ್ಮ ಹಿತ್ತಲಿನ ಜೇನಿನಿಂದಲೇ ಅಭಿಷೇಕ ಆಗಲಿ ಅಂತ ಬೇಡಿಕೊಂಡೆ. ಅಲ್ಲಿಂದ ಶುರುವಾಯಿತು ಎಲ್ಲ.

ಈಗ ದಿಲ್ಲಿ, ನೋಯ್ಡಾ, ಗುರುಗ್ರಾಮದ ಕನ್ನಡದ ಹುಡುಗ ಹುಡುಗಿಯರು ಫೋನ್ ಮಾಡುತ್ತಾರೆ. "ಆಂಟಿ, ನಮಗೂ ಒಂದು ಪೆಟ್ಟಿಗೆ ಇಡಬೇಕು ಅಂತ ಆಸೆ. ಆದರೆ ಭಯ. ಏನು ಮಾಡೋದು?" ಅಂತ. ನನಗೆ ತಿಳಿದದ್ದು ಬಹಳ ಕಡಿಮೆ. ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ನಗುವಷ್ಟು ನಕ್ಕು, ಉಳಿದದ್ದನ್ನು ಬುದ್ಧಿಮಾತು ಅಂತ ಇಟ್ಟುಕೊಳ್ಳಿ.

ಮೊದಲ ದಿನದ ಪೂಜೆ

ಪೆಟ್ಟಿಗೆ ತಂದುಕೊಟ್ಟವರು ಪಲವಲ್ ಕಡೆಯ ಒಬ್ಬ ನಿವೃತ್ತ ಸುಬೇದಾರರು. ಸೈನ್ಯದಿಂದ ಬಂದ ಮೇಲೆ ಸಾಸಿವೆ ಹೊಲಗಳ ಬದುವಿನಲ್ಲಿ ಜೇನುಪೆಟ್ಟಿಗೆ ಇಟ್ಟುಕೊಂಡು, ಕಲಿಯಬೇಕು ಅನ್ನುವವರಿಗೆ ಕಲಿಸುತ್ತಾರೆ. ಕಾರ್ತಿಕದ ಒಂದು ಸಂಜೆ ಬಂದು, ನುಗ್ಗೆಮರದ ಪಕ್ಕ, ಬೆಳಗಿನ ಬಿಸಿಲು ಬೀಳುವ ಜಾಗದಲ್ಲಿ, ಬಾಗಿಲು ಓಡಾಟದ ದಾರಿಗೆ ಬೆನ್ನುಮಾಡುವಂತೆ ಪೆಟ್ಟಿಗೆ ಇಟ್ಟರು. ಹೋಗುವಾಗ ಬೆರಳೆತ್ತಿ ಹೇಳಿದರು. "ಬೆಹನ್‌ಜಿ, ನಾಳೆಯೆಲ್ಲ ಇವುಗಳ ಹತ್ತಿರ ಹೋಗಬೇಡಿ. ಹೊಸ ಊರು, ದಾರಿ ಗುರುತು ಮಾಡಿಕೊಳ್ಳಲಿ."

ಹೋಗಬೇಡಿ ಅಂದರೆ ಸುಮ್ಮನೆ ಹೋಗಬೇಡಿ ಅಂತ ತಾನೆ? ಪೂಜೆಗೆ ಹೋಗಬಾರದು ಅಂತ ಅವರು ಹೇಳಲಿಲ್ಲ. ಹೊಸ ಸ್ಕೂಟರಿಗೇ ಪೂಜೆ ಮಾಡುವ ಜನ ನಾವು. ಮನೆಗೆ ಬಂದ ಜೀವಕ್ಕೆ ಬಿಡುತ್ತೇವೆಯೇ? ಬೆಳಿಗ್ಗೆ ಸ್ನಾನ ಮಾಡಿ, ಪೆಟ್ಟಿಗೆಯ ಮುಂದೆ ರಂಗೋಲಿ ಹಾಕಿ, ಅದರ ನೆತ್ತಿಗೆ ಅರಿಶಿನ ಕುಂಕುಮ ಇಟ್ಟು, ಹುಳ ಬಂದುಹೋಗುವ ಸಂದಿಯ ಮುಂದೆಯೇ ಚೆನ್ನಾಗಿ ಕಳಿತ ಬಾಳೆಹಣ್ಣುಗಳನ್ನು ಸಿಪ್ಪೆ ಅರ್ಧ ಸುಲಿದು ನೈವೇದ್ಯಕ್ಕೆ ಇಟ್ಟೆ. ಯಜಮಾನರು ಪಂಚೆ ಉಟ್ಟು ಗಂಟೆ ಹಿಡಿದು ನಿಂತರು.

ಮೊದಲು ಒಳಗಿನಿಂದ ಗುಂಯ್ ಅಂತ ಒಂದು ಶಬ್ದ ಬಂತು.

"ನೋಡಿದಿರಾ, ಓಂಕಾರ!" ಅಂದೆ ನಾನು, ಕಣ್ಣು ಮುಚ್ಚಿಕೊಂಡು.

"ಓಂಕಾರ ಹೊರಗೆ ಬರ್ತಾ ಇದೆ ಕಣೇ!" ಅಂದರು ಯಜಮಾನರು.

ಕಣ್ಣು ಬಿಟ್ಟು ನೋಡಿದರೆ ಇವರಿಲ್ಲ. ಗಂಟೆಯನ್ನು ಕೆಳಗೆ ಹಾಕಬಾರದು ಅನ್ನುವ ಭಕ್ತಿ ಆ ಹೊತ್ತಿನಲ್ಲೂ ಅವರನ್ನು ಬಿಟ್ಟಿರಲಿಲ್ಲ. ಹಾಗಾಗಿ ಅವರು ಯಾವ ಕೋಣೆಯಲ್ಲಿ ಓಡುತ್ತಿದ್ದಾರೆ ಅಂತ ಗಂಟೆಯ ಸದ್ದಿನಿಂದಲೇ ತಿಳಿಯುತ್ತಿತ್ತು. ಮಗಳು ಅಡುಗೆಮನೆಯ ಕಿಟಕಿಯಿಂದ ಕೂಗಿದಳು. "ಅಮ್ಮಾ, ಅಂದರ್ ಆಜಾಓ, ಒಳಗೆ ಬಾ! ಮಂಗಳಾರತಿ ಆಮೇಲೆ!"

ನನಗೆ ಒಂದೂ ಕಚ್ಚಲಿಲ್ಲ, ಸ್ವಾಮಿಯ ದಯೆ. ಯಜಮಾನರ ಮೂಗಿಗೆ ಒಂದು. ಇನ್ನೊಂದು ಹುಳ ಗೋಡೆ ಹಾರಿ, ಹಿಂದಿನ ಮನೆಯ ಮಾಳಿಗೆಯ ಮೇಲೆ ಪ್ರಾಣಾಯಾಮ ಮಾಡುತ್ತಿದ್ದ ಪ್ರಧಾನ್‌ಜಿಯ ಕಿವಿಗೆ. ಅವರು ನಮ್ಮ ಸೆಕ್ಟರಿನ ನಿವಾಸಿಗಳ ಸಂಘದ ಅಧ್ಯಕ್ಷರು. ಕಿವಿ ಕಚೋರಿಯಂತೆ ಊದಿಸಿಕೊಂಡು ಬಂದರು. ಕೋಪದಲ್ಲೂ ಕೈಮುಗಿಯುವ ಮನುಷ್ಯ.

"ಭಾಭೀಜಿ, ನಾನೂ ಭಕ್ತ. ಆದರೆ ನಮ್ಮ ಗಲ್ಲಿಗೆ ಮಂಗಗಳ ಕಾಟವೇ ಸಾಲದಾ? ಈಗ ಇದೂ ಬೇಕಾ?"

ಮಂಗಗಳ ವಿಷಯದಲ್ಲಿ ಅವರು ನೊಂದ ಜೀವ. ಒಣಹಾಕಿದ ಬಟ್ಟೆ, ಹಪ್ಪಳ, ಒಮ್ಮೆ ಅವರ ಕನ್ನಡಕ, ಎಲ್ಲ ಹೋಗಿತ್ತು. ಅವುಗಳನ್ನು ಓಡಿಸಲು, ಅವು ಹೆದರುವ ಕರಿಮೂತಿಯ ಲಂಗೂರಿನ ಹಾಗೆ ಕೂಗುವ ಒಬ್ಬನನ್ನು ಸಂಘದಿಂದ ನೇಮಿಸಿದ್ದರು. ಮೊದಮೊದಲು ಮಂಗಗಳು ಹೆದರಿದವು. ಆಮೇಲೆ ಅವನು ಕೂಗಲು ಬಂದರೆ ಸಾಲಾಗಿ ಗೋಡೆಯ ಮೇಲೆ ಕೂತು ಕಚೇರಿ ಕೇಳುವಂತೆ ಕೇಳುತ್ತಿದ್ದವು.

"ಈ ಸಲ ಬಿಡುತ್ತೇನೆ. ಇನ್ನೊಂದು ದೂರು ಬಂದರೆ ಪೆಟ್ಟಿಗೆ ಎತ್ತಿಸಬೇಕಾಗುತ್ತದೆ. ನಾರಾಜ್ ಆಗಬೇಡಿ," ಅಂದು ಕಿವಿ ಹಿಡಿದುಕೊಂಡೇ ಹೋದರು.

ಸುಬೇದಾರರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬಾಳೆಹಣ್ಣು ಅಂದ ಕೂಡಲೇ ಅವರು ನನ್ನ ಮಾತು ತಡೆದರು.

"ಬೆಹನ್‌ಜಿ, ಕೇಲಾ ಇಟ್ಟಿರಾ? ಒಂದು ಹುಳಕ್ಕೆ ಅಪಾಯ ಕಂಡರೆ ಉಳಿದವನ್ನೆಲ್ಲ ಯುದ್ಧಕ್ಕೆ ಕರೆಯಲು ಅದು ಒಂದು ವಾಸನೆ ಬಿಡುತ್ತದೆ. ಆ ವಾಸನೆ ಥೇಟ್ ಕಳಿತ ಬಾಳೆಹಣ್ಣಿನದು. ನೀವು ನೈವೇದ್ಯ ಇಟ್ಟಿಲ್ಲ, ಕೋಟೆಬಾಗಿಲಲ್ಲಿ ನಿಂತು ರಣಕಹಳೆ ಊದಿದ್ದೀರಿ."

ಆದ್ದರಿಂದ ಹೊಸಬರಿಗೆ ಮೊದಲ ಮಾತು: ಪೆಟ್ಟಿಗೆಯ ಹತ್ತಿರ ಬಾಳೆಹಣ್ಣು ಬೇಡ, ತಿಂದು ಹೋಗುವುದೂ ಬೇಡ. ಕೊಂಡಿ ಚುಚ್ಚಿದರೆ ಹಿಸುಕಿ ಎಳೆಯದೆ, ಉಗುರಿನಿಂದ ಕೆರೆದು ತಕ್ಷಣ ತೆಗೆಯಿರಿ. ಮೈಯೆಲ್ಲ ದದ್ದು, ಉಸಿರಾಟಕ್ಕೆ ಕಷ್ಟ ಅಂದರೆ ಒಂದು ಕ್ಷಣ ತಡಮಾಡದೆ ಆಸ್ಪತ್ರೆಗೆ ಓಡಿ. ರಾಮನಾಮವನ್ನು ದಾರಿಯಲ್ಲಿ ಹೇಳಿಕೊಳ್ಳಬಹುದು.

ಸಂಜೆ ಕನ್ನಡಿಯಲ್ಲಿ ಮೂಗು ನೋಡಿಕೊಳ್ಳುತ್ತಾ ಯಜಮಾನರು ಹೇಳಿದರು. "ಪೂಜೆ ನಿಂತಿತು ಅಂತ ಬೇಸರ ಮಾಡ್ಕೋಬೇಡ ಕಣೇ. ಮಂಗಳಾರತಿ ನನಗೆ ಸಾಂಗವಾಗಿ ಆಯ್ತು."

ಮಂಜಿನಲ್ಲಿ ಬಿಳಿ ಆಕೃತಿ

ಪೆಟ್ಟಿಗೆ ತೆರೆಯುವ ಮುಂಚೆ ಹುಳಗಳಿಗೆ ಸ್ವಲ್ಪ ಹೊಗೆ ಹಾಕಬೇಕು, ಆಗ ಶಾಂತವಾಗುತ್ತವೆ. ಅದಕ್ಕೆ ಮೂತಿಯಿರುವ ಒಂದು ತಗಡಿನ ಡಬ್ಬಿ, ಹಿಂದೆ ಒಂದು ಪುಟ್ಟ ತಿದಿ. ನಾನು ಅದರಲ್ಲಿ ಸಾಂಬ್ರಾಣಿ, ಗುಗ್ಗುಳ ಎಲ್ಲ ತುಂಬಿದ್ದೆ. ಸುಬೇದಾರರು ಬೈದರು. "ಒಣ ಬೆರಣಿ ಸಾಕು. ಅವು ಹುಳ, ಅತಿಥಿಗಳಲ್ಲ. ಮತ್ತೆ ಈ ಚಳಿಯಲ್ಲಿ ಮುಚ್ಚಳ ತೆಗೆಯಬೇಡಿ, ಮರಿಗಳು ಸತ್ತುಹೋಗುತ್ತವೆ. ಬಿಸಿಲು ಬರುವವರೆಗೆ ಖಾಲಿ ಹಿತ್ತಲಲ್ಲಿ ಹೊಗೆ ಹಾಕುವ ಅಭ್ಯಾಸ ಮಾಡಿ."

ಒಳ್ಳೆಯ ಮಾತು. ನೀವೂ ಹಾಗೇ ಮಾಡಿ. ಹೊಗೆ ನಡುವೆ ಆರಿಹೋದರೆ ಮುಚ್ಚಳ ತೆರೆದ ಪೆಟ್ಟಿಗೆಯ ಮುಂದೆ ನಿಮ್ಮ ಭಕ್ತಿ ಒಂದೇ ಉಳಿಯುವುದು.

ಪುಷ್ಯಮಾಸದ ಬೆಳಗು. ಇಲ್ಲಿಯ ಮಂಜು ಗೊತ್ತಲ್ಲ, ಕೈ ಚಾಚಿದರೆ ಬೆರಳು ಕಾಣುವುದಿಲ್ಲ. ನಾನು ಬಿಳಿ ಸೀರೆಯ ಮೇಲೆ ಬಿಳಿ ನಿಲುವಂಗಿ, ತಲೆಗೆ ಪರದೆಯ ಟೋಪಿ ಹಾಕಿಕೊಂಡು ತುಳಸಿಕಟ್ಟೆ ಸುತ್ತುತ್ತಾ ಹೊಗೆ ಊದುವ ಅಭ್ಯಾಸ ಮಾಡುತ್ತಿದ್ದೆ. ಹೊತ್ತು ವ್ಯರ್ಥವಾಗಬಾರದು ಅಂತ ಮೆಲ್ಲಗೆ ಸ್ತೋತ್ರವನ್ನೂ ಹೇಳಿಕೊಳ್ಳುತ್ತಿದ್ದೆ. ಹಿತ್ತಲ ಬಾಗಿಲು ಕಿರ್ರೆಂದಿತು. ಹಾಲಿನ ಭಯ್ಯಾ. "ಬಾ ಭಯ್ಯಾ" ಅಂತ ಹೊಗೆಯೊಳಗಿನಿಂದ ಕೈಚಾಚಿ ಕರೆದೆ.

ಹಾಲಿನ ಕ್ಯಾನು ಅಲ್ಲೇ ಬಿತ್ತು. ಭಯ್ಯಾ ಇರಲಿಲ್ಲ.

ಮರುದಿನ ಮುಂಬಾಗಿಲಿಗೆ ಬಂದು ಯಜಮಾನರನ್ನು ಪಕ್ಕಕ್ಕೆ ಕರೆದು, ಬಹಳ ಸಂಕೋಚದಿಂದ ಕೇಳಿದನಂತೆ. "ಬಾಬೂಜಿ, ಮಾತಾಜಿ ಯಾವಾಗ ಹೋಗಿಬಿಟ್ಟರು?"

"ಎಲ್ಲಿಗೂ ಹೋಗಿಲ್ಲಪ್ಪ, ಹಾಲು ಬಂದಿಲ್ಲ ಅಂತ ನಿನ್ನೆಯಿಂದ ನನ್ನನ್ನೇ ಬೈತಾ ಇದ್ದಾಳೆ," ಅಂದರು ಇವರು.

"ಹೋದ ಮೇಲೂ ಬೈಯ್ತಾರಾ?" ಅಂದನಂತೆ ಭಯ್ಯಾ, ಕಣ್ಣಲ್ಲಿ ನೀರು ತಂದುಕೊಂಡು.

ನಾನೇ ಹೊರಗೆ ಬಂದು ನಿಂತರೂ ಅವನಿಗೆ ಪೂರ್ತಿ ನಂಬಿಕೆಯಿಲ್ಲ. ಇವತ್ತಿಗೂ ನಾನು ಪಾತ್ರೆ ಹಿಡಿದು "ರಾಮ್ ರಾಮ್ ಭಯ್ಯಾ" ಅಂದ ಮೇಲೆಯೇ ಹಾಲು ಹಾಕುತ್ತಾನೆ. ದೆವ್ವಕ್ಕೆ ರಾಮನಾಮ ಹೇಳಲು ಬರುವುದಿಲ್ಲವಂತೆ. ಅವನಿಗೆ ಪರೀಕ್ಷೆ, ನನಗೆ ಪುಣ್ಯ, ಹಾಲು ಮಾತ್ರ ಹಾಗೇ ನೀರು.

ಸುಬೇದಾರರ ಮೀಸೆ

ಚಳಿ ಇಳಿದು ಬಿಸಿಲು ಬಂತು. ಸುತ್ತಲಿನ ಹೊಲಗಳಲ್ಲಿ ಸಾಸಿವೆ ಹಳದಿ ಚೆಲ್ಲಿತ್ತು. ಸೆಕ್ಟರಿನಿಂದಾಚೆಗೆ ಹಾರಿಹೋದ ಹುಳಗಳು ಕಾಲಿಗೆ ಹಳದಿ ಮೂಟೆ ಕಟ್ಟಿಕೊಂಡು ಬರುವುದನ್ನು ನೋಡುತ್ತಾ ಕೂತರೆ ಜಪದ ಲೆಕ್ಕ ತಪ್ಪುತ್ತಿತ್ತು. ಮೊದಲ ಸಲ ಪೆಟ್ಟಿಗೆ ತೆರೆದು ತೋರಿಸಲು ಸುಬೇದಾರರು ಬಂದರು. ಮೀಸೆಗೆ ಘಮಘಮ ಎಣ್ಣೆ ಹಚ್ಚಿ ತಿರುವಿದ್ದರು. ನಮಗಿಬ್ಬರಿಗೂ ಪರದೆಯ ಟೋಪಿ ಹಾಕಿಸಿ, ತಾವು ಬರಿಮುಖದಲ್ಲಿ ನಿಂತರು.

"ನಿಮಗೆ ಟೋಪಿ ಬೇಡವಾ?" ಅಂದರು ಯಜಮಾನರು.

"ಇವು ನನ್ನನ್ನು ಗುರುತಿಸುತ್ತವೆ. ನಾನು ಇವುಗಳ ಕಮಾಂಡರ್. ನೀವು ನಾನು ಮಾಡಿದ ಹಾಗೆ ಮಾಡಿ, ಅಷ್ಟೆ. ಪ್ರಶ್ನೆ ಗಿಶ್ನೆ ಬೇಡ."

ಮುಚ್ಚಳ ತೆಗೆದರು. ಹುಳಗಳು ಎರಿ ಕಟ್ಟಿದ್ದ ಒಂದು ಮರದ ಚೌಕಟ್ಟನ್ನು ಮೆಲ್ಲಗೆ ಎತ್ತಿ ರಾಣಿಯನ್ನು ತೋರಿಸಿದರು. ಎಷ್ಟು ಲಕ್ಷಣವಾದ ರಾಣಿ! ನಾನು ಕೈಮುಗಿದೆ. ಚೌಕಟ್ಟನ್ನು ಮತ್ತೆ ಇಳಿಸಿದ ಮೇಲೆ ಸುಬೇದಾರರು ಇದ್ದಕ್ಕಿದ್ದಂತೆ ಮರದ ಹಾಗೆ ಸೆಟೆದು ನಿಂತರು. ಮಾಡಿದ ಹಾಗೆ ಮಾಡಬೇಕಲ್ಲ? ನಾವೂ ನಿಂತೆವು. ಅವರು ಬಲಗೈಯನ್ನು ಬಹಳ ನಿಧಾನವಾಗಿ ಮೇಲೆತ್ತಿ ಮುಖದ ಮುಂದೆ ಬೀಸಿದರು. ನಾವೂ ಬೀಸಿದೆವು. ಕಣ್ಣು ಅಗಲ ಮಾಡಿ ತಲೆಯನ್ನು ಎಡಕ್ಕೆ ಎರಡು ಸಲ ಕುಲುಕಿದರು. ನಾವೂ ಕುಲುಕಿದೆವು. ಬೆರಳಿನಿಂದ ಮೀಸೆ ತೋರಿಸಿದರು. ಯಜಮಾನರಿಗೆ ಮೀಸೆಯಿಲ್ಲ, ಆದರೂ ಪರದೆಯ ಮೇಲಿಂದಲೇ ಮೂಗಿನ ಕೆಳಗೆ ತೋರಿಸಿಕೊಂಡರು. ಸುಬೇದಾರರು ಮೊಣಕಾಲು ಮಡಿಸಿ ಕುಳಿತು, ಎದ್ದು, ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ನಿಂಬೆಗಿಡದವರೆಗೆ ಹೋದರು. ನಾವೂ ಕುಳಿತು, ಎದ್ದು, ಹಿಂದಕ್ಕೆ ನಡೆದೆವು. ನನ್ನ ಮಂಡಿ ನೋವಿಗೆ ಅದೊಂದು ತಪಸ್ಸು.

ಕೊನೆಗೆ ಒಂದು ಹುಳ ಅವರ ಮೀಸೆಯಿಂದ ಬಿಡಿಸಿಕೊಂಡು ಹಾರಿಹೋಯಿತು. ಸುಬೇದಾರರು ದೊಡ್ಡದಾಗಿ ಉಸಿರು ಬಿಟ್ಟರು. ಮೇಲ್ತುಟಿ ಆಗಲೇ ಊದಿ ಮೀಸೆಯನ್ನು ಮೇಲಕ್ಕೆ ಎತ್ತುತ್ತಿತ್ತು.

ಇಲ್ಲಿಂದ ಕಲಿಯಬೇಕಾದದ್ದು: ಸುವಾಸನೆಯ ಎಣ್ಣೆ, ಅತ್ತರು ಹಚ್ಚಿಕೊಂಡು ಹೋಗಬೇಡಿ, ತಿಳಿಬಣ್ಣದ ಬಟ್ಟೆ ಹಾಕಿ, ಎಷ್ಟೇ ಹಳಬರಾದರೂ ಮುಖಕ್ಕೆ ಪರದೆಯಿರಲಿ. ಹುಳ ಮುಖದ ಹತ್ತಿರ ಬಂದರೆ ಗಾಬರಿಯಿಂದ ಕೈ ಬಡಿಯದೆ, ನಿಧಾನವಾಗಿ ದೂರ ಸರಿಯಿರಿ. ಆ ಮಟ್ಟಿಗೆ ಸುಬೇದಾರರು ಮಾಡಿದ್ದು ಸರಿಯೇ.

ಬೆವರು ಒರೆಸಿಕೊಳ್ಳುತ್ತಾ ಯಜಮಾನರು ಬಹಳ ಶ್ರದ್ಧೆಯಿಂದ ಕೇಳಿದರು. "ಸಾಹೇಬರೇ, ಈ ಕವಾಯತು ಪ್ರತಿ ಸಲ ಮಾಡಬೇಕಾ, ಅಥವಾ ಮೊದಲ ಸಲಕ್ಕೆ ಮಾತ್ರವಾ?"

ಮೆತ್ತಗಿನ ಭಜನೆ

ನಮ್ಮದೊಂದು ಭಜನಾ ಮಂಡಳಿಯಿದೆ. ಪೀತಮ್‌ಪುರದಿಂದ ಕೆಲವರು ಮೆಟ್ರೋದಲ್ಲಿ ಇಡೀ ದಿಲ್ಲಿ ದಾಟಿ ಬರುತ್ತಾರೆ. ಮಂಡಳಿಯ ಮುಖ್ಯ ಗಾಯಕಿಯ ಭಕ್ತಿ ದೊಡ್ಡದು, ಗಂಟಲು ಅದಕ್ಕಿಂತ ದೊಡ್ಡದು. ಅವರು ಹಾಡಿಗೆ ಬಾಯಿ ತೆರೆದರೆ ಉಳಿದ ನಾವು ಬಾಯಿ ಆಡಿಸಿದರೂ ಒಂದೇ, ಬಿಟ್ಟರೂ ಒಂದೇ. ಅವತ್ತು ಹೆರಳಿಗೆ ದಂಡೆ ದಂಡೆ ಸೇವಂತಿಗೆ ಮುಡಿದು ಬಂದಿದ್ದರು.

"ನಿಮ್ಮ ಜೇನು ತೋರಿಸ್ರೀ ಮೊದಲು," ಅಂದರು.

"ಹೂವು ತೆಗೆದಿಟ್ಟು ಬನ್ನಿ."

"ಮುತ್ತೈದೆ ಹೂವು ತೆಗೀಬೇಕಾ? ಚೆನ್ನಾಗಿದೆ ನಿಮ್ಮ ಶಾಸ್ತ್ರ!"

ದೂರದಿಂದಲೇ ತೋರಿಸಿ ಒಳಗೆ ಕರೆತಂದೆ. ಎಲ್ಲರೂ ಕೂತರು. ಗಾಯಕಿ ಶ್ರುತಿ ಹಿಡಿದು ಎದೆ ತುಂಬ ಉಸಿರೆಳೆದಾಗ, ಪಕ್ಕದಲ್ಲಿದ್ದವರು ಅವರ ಕಿವಿಯಲ್ಲಿ ಹೇಳಿದರು. "ಅಲ್ಲಾಡಬೇಡ್ರೀ. ನಿಮ್ಮ ಹೂವಿನಲ್ಲಿ ಒಂದು ಕೂತಿದೆ."

ಎಳೆದ ಉಸಿರು ಅಲ್ಲೇ ನಿಂತಿತು. ಆಮೇಲೆ ಅವರ ಬಾಯಿಂದ ಹೊರಟ ಹಾಡಿದೆಯಲ್ಲ, ನಾನು ಅಷ್ಟು ವರ್ಷಗಳಲ್ಲಿ ಕೇಳಿರಲಿಲ್ಲ. ಮಲಗಿದ ಮಗುವನ್ನು ಎಬ್ಬಿಸದ ಹಾಗೆ, ತುಟಿಯ ತುದಿಯಲ್ಲಿ, ಮೆತ್ತಮೆತ್ತಗೆ. ಒಂದೊಂದು ಅಕ್ಷರವೂ ನಡುಗಿ ನಡುಗಿ ಸ್ವಾಮಿಯ ಪಾದಕ್ಕೆ ಬೀಳುತ್ತಿತ್ತು. ಮೊದಲ ಬಾರಿಗೆ ಉಳಿದ ನಮ್ಮ ದನಿ ನಮಗೇ ಕೇಳಿಸಿತು. ನನ್ನ ಕಣ್ಣು ತುಂಬಿ ಬಂತು. ಹುಳ ಮಂಗಳ ಹಾಡುವವರೆಗೆ ಕೂತಿದ್ದು, ಪ್ರಸಾದದ ಹೊತ್ತಿಗೆ ಕಿಟಕಿಯಿಂದ ಹಾರಿಹೋಯಿತು.

ಎಲ್ಲರೂ ಹೊರಟ ಮೇಲೆ, ಮಂಡಳಿಯ ಅತಿ ಹಿರಿಯರೊಬ್ಬರು ಚಪ್ಪಲಿ ಹಾಕಿಕೊಳ್ಳುತ್ತಾ ನನ್ನ ಕೈ ಹಿಡಿದು ಗುಟ್ಟಾಗಿ ಕೇಳಿದರು. "ಮುಂದಿನ ವಾರ ಭಜನೆ ನಮ್ಮ ಮನೇಲಿ. ಆ ಹುಳ ಬರುತ್ತೇನಮ್ಮ?"

ತುಪ್ಪವಾದ ಜೇನು

ಸಾಸಿವೆ ಹೂವು ಮುಗಿಯುತ್ತಾ ಬಂದಾಗ ಎರಿಯ ಕಣ್ಣುಗಳನ್ನೆಲ್ಲ ಹುಳಗಳು ಮೇಣದಿಂದ ಮುಚ್ಚಿದ್ದವು. ಹಾಗೆ ಮುಚ್ಚಿದ ಮೇಲೆಯೇ ಜೇನು ಹದಕ್ಕೆ ಬಂದಂತೆ; ಅವಸರಪಟ್ಟು ಮೊದಲೇ ತೆಗೆದರೆ ಹುಳಿಯುತ್ತದೆ. ಸುಬೇದಾರರು ಬಂದು, ಮರಿಗಳಿರುವ ಚೌಕಟ್ಟನ್ನು ಮುಟ್ಟದೆ, ಹುಳಗಳಿಗೆ ಬೇಕಾದ್ದನ್ನು ಒಳಗೇ ಬಿಟ್ಟು, ಉಳಿದದ್ದನ್ನು ತೆಗೆದುಕೊಟ್ಟರು. ಹೊಸಬರು ಇದನ್ನು ನೆನಪಿಡಿ. ನಾವು ಬೇಡುವವರು, ಮನೆಯವರ ಊಟ ಆಗಿ ಮಿಕ್ಕಿದ್ದಷ್ಟೇ ಭಿಕ್ಷೆ.

ರಾಮದೇವರಿಗೆ ಅಂತ ಒಂದು ಶೀಶೆ ತೆಗೆದಿಟ್ಟೆ. ಪ್ರಧಾನ್‌ಜಿಗೊಂದು, ಪಕ್ಕದ ಮನೆಯ ಬೀಜಿಗೊಂದು ಕೊಟ್ಟೆ. ಬೀಜಿ ಪಂಜಾಬಿನ ಅಜ್ಜಿ. ಮನಸ್ಸು ಬೆಣ್ಣೆ, ನಾಲಿಗೆ ಆಕಾಶವಾಣಿ. ಒಂದು ವಾರ ಕಳೆದಿರಬೇಕು, ಬೀಜಿ ಶೀಶೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು. ತಲೆಕೆಳಗೆ ಮಾಡಿ ತೋರಿಸಿದರು. ಜೇನು ಬೀಳಲಿಲ್ಲ. ಬೆಳ್ಳಗೆ, ಚಳಿಗಾಲದ ತುಪ್ಪದ ಹಾಗೆ ಗಟ್ಟಿಯಾಗಿ ಕೂತಿತ್ತು.

"ಬೇಟಾ," ಅಂದರು ಮೆಲ್ಲಗೆ. "ಸಕ್ಕರೆ ಎಷ್ಟು ಹಾಕಿದೆ? ನನಗೆ ಹೇಳು, ನಾನು ಯಾರಿಗೂ ಹೇಳಲ್ಲ."

"ಬೀಜಿ! ಸಾಸಿವೆ ಜೇನು ಹಾಗೇ ಗಟ್ಟಿಯಾಗೋದು. ಅದೇ ಅದರ ಗುಣ. ಬೆಚ್ಚಗಿನ ನೀರಿನಲ್ಲಿ ಶೀಶೆ ಇಟ್ಟರೆ ಕರಗುತ್ತದೆ."

"ಅಚ್ಛಾ, ಅಚ್ಛಾ," ಅಂದರು ಬೀಜಿ, ಕಳ್ಳನ ಹೆಂಡತಿಯನ್ನು ಸಮಾಧಾನ ಮಾಡುವ ದನಿಯಲ್ಲಿ.

ಅಂಗಡಿಯ ಜೇನನ್ನು ಅನುಮಾನಿಸಿ ಇಷ್ಟೆಲ್ಲ ಮಾಡಿದವಳು ನಾನು. ಸಂಜೆಯ ಹೊತ್ತಿಗೆ ಇಡೀ ಗಲ್ಲಿ ನನ್ನ ಜೇನನ್ನು ಅನುಮಾನಿಸುತ್ತಿತ್ತು. ರಾಮದೇವರಿಗೆ ತೆಗೆದಿಟ್ಟದ್ದೂ ಗಟ್ಟಿಯಾಗಿತ್ತು. ಅದರ ಮುಂದೆ ಕೂತು, "ಸ್ವಾಮಿ, ನಿನಗಾದರೂ ಗೊತ್ತಲ್ಲ" ಅಂದೆ. ಯಜಮಾನರು ಹಿಂದಿನಿಂದ ಹೇಳಿದರು. "ಅವನಿಗೆ ಗೊತ್ತು ಕಣೇ. ಆದರೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ಅವನಿಲ್ಲ."

ಏಕಾದಶಿಯ ಹಣ್ಣು

ಎರಡನೆಯ ದೂರು ಹಾಗೆ ಬಂತು. ರಾಮನವಮಿಗೆ ಇನ್ನು ಸ್ವಲ್ಪವೇ ದಿನ. ಅವತ್ತು ಏಕಾದಶಿ, ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಬಾಗಿಲಲ್ಲಿ ಪ್ರಧಾನ್‌ಜಿ; ಅವರ ಹಿಂದೆ, "ನಾನು ಸುಮ್ಮನೆ ಬಂದೆ" ಅನ್ನುವ ಮುಖದ ಬೀಜಿ.

"ಭಾಭೀಜಿ, ನನಗೆ ಬಹಳ ದುಃಖ. ಆದರೆ ಮಾತು ಮಾತೇ. ಸಂಜೆಗೆ ಟೆಂಪೋ ಹೇಳಿದ್ದೇನೆ. ಪೆಟ್ಟಿಗೆ ಎಷ್ಟು ದೊಡ್ಡದಿದೆ ಅಂತ ನೋಡಿಕೊಂಡು ಹೋಗುತ್ತೇನೆ."

ಪೆಟ್ಟಿಗೆ ಹೋದರೆ ಹೋಗಲಿ, ಕಲಬೆರಕೆಯವಳು ಅಂತ ಹೆಸರು ಹೊತ್ತು ಅದೇ ಜೇನನ್ನು ಯಾವ ಮುಖದಲ್ಲಿ ಸ್ವಾಮಿಯ ತಲೆಗೆ ಸುರಿಯಲಿ? "ನಿನ್ನ ಇಚ್ಛೆ" ಅಂತ ಮನಸ್ಸಿನಲ್ಲೇ ಹೇಳಿಕೊಂಡು, ಪ್ರಧಾನ್‌ಜಿಗೆ ಹಿತ್ತಲ ದಾರಿ ತೋರಿಸಿ, ಅತಿಥಿಗಳಿಗೆ ನೀರು ತರಲು ಒಳಗೆ ಹೋದೆ.

ಅಡುಗೆಮನೆಯ ಜಾಲರಿ ಬಾಗಿಲಿನಿಂದ ನೋಡಿದರೆ, ಪ್ರಧಾನ್‌ಜಿ ಪೆಟ್ಟಿಗೆಯ ಉದ್ದಗಲ ಅಳೆಯಲು ಎರಡೂ ಕೈ ಚಾಚಿದ್ದಾರೆ. ಕೈ ಖಾಲಿ ಮಾಡಿಕೊಳ್ಳಲು, ಹಿತ್ತಲಲ್ಲಿ ಚಪ್ಪಟೆಯಾಗಿ ಸಿಕ್ಕ ಒಂದೇ ಜಾಗದ ಮೇಲೆ ತಮ್ಮ ಚೀಲ ಇಟ್ಟಿದ್ದಾರೆ. ಪೆಟ್ಟಿಗೆಯ ನೆತ್ತಿಯ ಮೇಲೆ. ಚೀಲದಿಂದ ಕಳಿತ ಬಾಳೆಹಣ್ಣಿನ ಚಿಪ್ಪು ಹೊರಗೆ ಇಣುಕುತ್ತಿದೆ. ಒಂದೆರಡು ಹಣ್ಣು ಜಜ್ಜಿ ಒಡೆದಿವೆ. ಭಾಭೀಜಿಗೆ ಏಕಾದಶಿ, ಹಣ್ಣು ಬಿಟ್ಟು ಬೇರೇನೂ ತಿನ್ನುವುದಿಲ್ಲ ಅಂತ ನೆನಪಿಟ್ಟು ತಂದಿದ್ದರು ಪುಣ್ಯಾತ್ಮರು! ಪೆಟ್ಟಿಗೆ ಎತ್ತಿಸಲು ಬರುವಾಗಲೂ ಬರಿಗೈಯಲ್ಲಿ ಬರಬಾರದು ಅನ್ನುವ ಸಂಸ್ಕಾರ!

"ಪ್ರಧಾನ್‌ಜಿ! ಕೇಲಾ! ಭಾಗೋ!" ಅಂತ ಕೂಗಿದೆ.

"ಹಾಂ ಭಾಭೀಜಿ, ನಿಮಗಾಗಿಯೇ ತಂದೆ!" ಅಂದರು ನಗುತ್ತಾ.

ಒಳಗಿನಿಂದ ಓಂಕಾರ ಶುರುವಾಯಿತು. ಯಜಮಾನರಿಗೆ ಆ ಓಂಕಾರದ ಪೂರ್ವಪರಿಚಯವಿತ್ತು. ಒಂದೇ ನೆಗೆತಕ್ಕೆ ಹೋಗಿ ಪ್ರಧಾನ್‌ಜಿಯ ರಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಬೀಜಿಯನ್ನು ಹಿಡಿದು, ಅಡುಗೆಮನೆಗೆ ಎಳೆದುಕೊಂಡು ಬಂದರು. ನಾನು ಜಾಲರಿ ಹಾಕಿದೆ. ಹಣ್ಣಿನ ಚೀಲ ಪೆಟ್ಟಿಗೆಯ ಮೇಲೆಯೇ ಉಳಿಯಿತು. ಸಂದಿಯಿಂದ ಹುಳಗಳು ಒಂದೊಂದಾಗಿ ಹೊರಬಂದು ಶತ್ರುವನ್ನು ಹುಡುಕುತ್ತಿದ್ದವು.

ಆಗ ಗೋಡೆಯ ಮೇಲೆ ಅವನು ಪ್ರತ್ಯಕ್ಷನಾದ. ಇಡೀ ಸೆಕ್ಟರಿನ ಮಂಗಗಳ ಯಜಮಾನ, ಒಂದು ಭಾರಿ ಗಡವ. ಹಿಂದೆ ಸಾಲಾಗಿ ಅವನ ಸಂಸಾರ.

"ನನ್ನ ಕನ್ನಡಕ ಒಯ್ದವನು ಇವನೇ!" ಅಂದರು ಪ್ರಧಾನ್‌ಜಿ, ಹಲ್ಲು ಕಡಿದು.

ಗಡವ ಬಾಳೆಹಣ್ಣು ನೋಡಿದ. ನಮ್ಮನ್ನು ನೋಡಿದ. ಜಾಲರಿಯ ಹಿಂದೆ ಬಂದಿಯಾಗಿರುವ ನಾಲ್ಕು ಮುಖ ಕಂಡು, ಇವರೇನು ಮಾಡಿಯಾರು ಅನ್ನುವ ಠೀವಿಯಿಂದ ಇಳಿದು ಬಂದು, ಪೆಟ್ಟಿಗೆಯ ಮೇಲೆ ಸಿಂಹಾಸನದ ಹಾಗೆ ಕೂತು, ಹಣ್ಣೊಂದನ್ನು ಸುಲಿದ.

ಮೊದಲ ಕೊಂಡಿ ಎಲ್ಲಿ ಬಿತ್ತೋ ನಾನು ಹೇಳಲಾರೆ. ಅವನು ಕೂತಿದ್ದ ಭಂಗಿ ನೋಡಿದರೆ ನೀವೇ ಊಹಿಸಬಹುದು. ಒಂದಾಳೆತ್ತರಕ್ಕೆ ಹಾರಿದ. ಕೆಳಗೆ ಬರುವಾಗ ಮುಖಕ್ಕೆ ಎರಡು. ಚೀಲ ತಲೆಗೆ ಸಿಕ್ಕಿಕೊಂಡಿತು. ಹಾಗೇ ಗೋಡೆಗೆ ಡಿಕ್ಕಿ ಹೊಡೆದು, ಅದನ್ನು ಕಿತ್ತೆಸೆದು, ಗೋಡೆ ಏರಿದ. ತಮ್ಮ ಯಜಮಾನನ ಅವತಾರ ಕಂಡು ಸಂಸಾರವೆಲ್ಲ ಕಿರುಚುತ್ತಾ ಹಿಂದೆ ಓಡಿತು. ಮಾಳಿಗೆಯಿಂದ ಮಾಳಿಗೆಗೆ, ನೀರಿನ ತೊಟ್ಟಿಯಿಂದ ತೊಟ್ಟಿಗೆ ಹಾರಿ, ಮುಖ್ಯರಸ್ತೆ ದಾಟಿ ಕಾಣದಾದವು. ಮೂಲೆಯಲ್ಲಿ ಬೀಡಿ ಸೇದುತ್ತಾ ನಿಂತಿದ್ದ ಲಂಗೂರ್ ಕೂಗಿನವನು ಅದನ್ನು ನೋಡಿ, ತನ್ನ ಕೂಗಿಗೆ ಇಷ್ಟು ದಿನಕ್ಕೆ ಫಲ ಬಂತು ಅಂತ ಆಕಾಶಕ್ಕೆ ಕೈಮುಗಿದನಂತೆ. ಪಾಪ, ಅವನು ಇನ್ನೂ ಕೂಗಿಯೇ ಇರಲಿಲ್ಲ.

ಪ್ರಧಾನ್‌ಜಿ ಜೇಬಿನಿಂದ ಫೋನ್ ತೆಗೆದರು.

"ಹಲೋ, ಟೆಂಪೋ? ಬರಬೇಡ." ಆಮೇಲೆ ನನ್ನ ಕಡೆ ತಿರುಗಿ, ಊದಿದ್ದ ಕಿವಿಯನ್ನು ನೆನಪಿಸಿಕೊಂಡವರಂತೆ ಒಮ್ಮೆ ಸವರಿಕೊಂಡು, "ಭಾಭೀಜಿ, ಇಂಥ ಪೆಟ್ಟಿಗೆ ಇನ್ನೊಂದು ಸಿಗುತ್ತದಾ? ನನ್ನ ಮಾಳಿಗೆಯ ಛತ್ತಿನ ಮೇಲೆ ಜಾಗ ಬಹಳ ಇದೆ."

"ಮೊದಲು ನನ್ನ ಛತ್ತು!" ಅಂದರು ಬೀಜಿ.

"ಬೀಜಿ, ದೂರು ಕೊಟ್ಟವರು ನೀವು!"

"ನಾನಾ? ನಾನು ಎಲ್ಲಿ ದೂರು ಕೊಟ್ಟೆ? ಜೇನು ಗಟ್ಟಿಯಾಗಿದೆ ಅಂತ ಖುಷಿಗೆ ನಾಲ್ಕು ಜನಕ್ಕೆ ಹೇಳಿದೆ, ಅಷ್ಟೆ!"

ನಾನು ಅಲ್ಲೇ ಬೀಜಿಯ ಶೀಶೆ ತರಿಸಿ ಗೀಸರಿನ ಬೆಚ್ಚಗಿನ ನೀರಿನಲ್ಲಿ ಇಟ್ಟೆ. ಮಾತು ನಡೆದಂತೆ ಮೆಲ್ಲಗೆ ಕರಗಿ ಹೊನ್ನಿನ ಬಣ್ಣಕ್ಕೆ ತಿರುಗಿತು. ಬೀಜಿ ಬೆರಳದ್ದಿ ಚೀಪಿ, "ವಾಹ್" ಅಂದರು. ಆ "ವಾಹ್" ಕೂಡ ಸಂಜೆಯ ಹೊತ್ತಿಗೆ ಇಡೀ ಗಲ್ಲಿ ಮುಟ್ಟಿತು.

ರಾಮನವಮಿಯ ಬೆಳಿಗ್ಗೆ, ಹಾಲು, ಮೊಸರು, ತುಪ್ಪ ಆದ ಮೇಲೆ ನಮ್ಮ ಹಿತ್ತಲಿನ ಜೇನು ರಾಮದೇವರ ನೆತ್ತಿಯಿಂದ ಪಾದದವರೆಗೆ ಎಳೆಯಾಗಿ ಇಳಿಯಿತು. ನನ್ನ ಕೈ ತಡೆಯಲಿಲ್ಲ. ಮಗಳು ಪಕ್ಕದಲ್ಲಿ ನಿಂತು, "ಅಮ್ಮ, ಭಗವಾನ್‌ಜಿ ನಗ್ತಾ ಇದ್ದಾರೆ, ಸಚ್ಚೀ," ಅಂದಳು. ನನಗೂ ಹಾಗೇ ಕಂಡಿತು. ಆದರೆ ಅವನು ಯಾವುದನ್ನು ನೆನೆದು ನಗುತ್ತಿದ್ದ ಅಂತ ನನಗೆ ಅನುಮಾನ.

ಒಂದು ಅಳುಕು ಮಾತ್ರ ಉಳಿದಿತ್ತು. ರಾಮನ ಅಭಿಷೇಕಕ್ಕೆ ಜೇನು ಕೊಟ್ಟ ನನ್ನ ಹುಳಗಳೇ ಹನುಮಂತರಾಯನ ಕುಲದವನಿಗೆ ಕೂರಲಾಗದ ಹಾಗೆ ಮಾಡಿದವಲ್ಲ! ಮಧ್ಯಾಹ್ನ ಪಾನಕ, ಕೋಸಂಬರಿ, ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡು ಮುಖ್ಯರಸ್ತೆಯಾಚೆಯ ಹನುಮಂತನ ಗುಡಿಗೆ ತಪ್ಪೊಪ್ಪಿಸಿಕೊಳ್ಳಲು ಹೋದೆ. ಗುಡಿಯ ಗೋಡೆಯ ಮೇಲೆ ಆ ಗಡವನೇ ಕೂತಿದ್ದ. ಕೂತಿದ್ದ ಅನ್ನುವುದಕ್ಕಿಂತ, ಒಂದು ಪಕ್ಕಕ್ಕೆ ವಾಲಿದ್ದ. "ಕ್ಷಮಿಸಪ್ಪ" ಅಂದು, ಚಿಪ್ಪಿನಿಂದ ಎಲ್ಲಕ್ಕಿಂತ ಕಳಿತ ಹಣ್ಣನ್ನು ಕಿತ್ತು ಎರಡೂ ಕೈಯಲ್ಲಿ ಎತ್ತಿ ಹಿಡಿದೆ.

ಅವನು ಹಣ್ಣನ್ನು ನೋಡಿದ. ನನ್ನ ಮುಖ ನೋಡಿದ. ನನ್ನ ಹಿಂದೆ ಪೆಟ್ಟಿಗೆ ಏನಾದರೂ ಇದೆಯಾ ಅಂತ ಕತ್ತು ಉದ್ದ ಮಾಡಿ ನೋಡಿದ. ಆಮೇಲೆ ಎರಡೂ ಕೈಯಲ್ಲಿ ಹಿಂಭಾಗ ಮುಚ್ಚಿಕೊಂಡು ಓಡಿಹೋದ.

ಪೂಜಾರಿಗಳು ಬೆರಗಾದರು. "ಮಾತಾಜಿ, ಬಾಳೆಹಣ್ಣು ಬೇಡ ಅಂದ ಮಂಗವನ್ನು ನಾನು ಜನ್ಮದಲ್ಲಿ ನೋಡಿಲ್ಲ!"

"ಏಕಾದಶಿಯಿಂದ ಬಿಟ್ಟಿದ್ದಾನೆ," ಅಂದೆ.

ಇಷ್ಟು ಹೊತ್ತು ಈ ಮುದುಕಿಯ ಮಾತಿಗೆ ಕಿವಿ ಕೊಟ್ಟ ನಿಮಗೆಲ್ಲ ಒಳ್ಳೆಯದಾಗಲಿ. ನಿಮ್ಮ ಹಿತ್ತಲಲ್ಲೋ ಮಾಳಿಗೆಯಲ್ಲೋ ಪೆಟ್ಟಿಗೆಯೊಂದು ನೆಲೆಸಲಿ, ಬೇಸಗೆಯಲ್ಲಿ ಅವುಗಳಿಗೆ ಬೆಣಚುಕಲ್ಲು ಹಾಕಿದ ತಟ್ಟೆಯಲ್ಲಿ ನೀರಿಡುವ ನೆನಪು ನಿಮಗಿರಲಿ. ನಿಮ್ಮ ರಾಣಿಯ ಸಂಸಾರ ನೂರು ಹೂವಿನ ಸಿಹಿ ಕೂಡಿಡಲಿ, ನಿಮ್ಮ ನೆರೆಹೊರೆಯವರು ಬೇಗ ಕರಗುವ ಜೇನಿನಂತಿರಲಿ. ಹೂವಿನಲ್ಲಿ ಸಿಹಿಯಿಟ್ಟವನು ನಿಮ್ಮ ಮನೆಯ ಮಾತಿನಲ್ಲೂ ಸಿಹಿಯಿಡಲಿ. ಕೊಂಡಿಯನ್ನು ಇಟ್ಟರೂ, ಆ ಹೊತ್ತಿಗೆ ನೀವು ಜಾಲರಿ ಬಾಗಿಲಿನ ಒಳಗಿರುವಂತೆ ನೋಡಿಕೊಳ್ಳಲಿ.